ಉಪ್ಪಕ್ಕನ ಮೂಗು

ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಉಪ್ಪುನೀರಿಗೆ ಕರೆಂಟು ಹರಿಸಿ ಕ್ಲೋರಿನ್ ತಯಾರಿಸುವ ಹೆಂಗಸಿಗೆ ಎಲ್ಲರೂ ಇಟ್ಟ ಹೆಸರು ಉಪ್ಪಕ್ಕ. ಮಷೀನಿನ ಪ್ಲೇಟುಗಳಿಗೆ ಕಟ್ಟಿದ ಸುಣ್ಣವನ್ನು ಅವಳು ಎಳೆಮಗುವಿನ ಕಿವಿ ತೊಳೆದಷ್ಟು ಜೋಪಾನವಾಗಿ ತೊಳೆಯುತ್ತಾಳೆ. ಮನುಷ್ಯರ ಹತ್ತಿರ ಮಾತ್ರ ಆ ನಯ ಇಲ್ಲ. "ಕಾಫಿಯೆಲ್ಲ ಕ್ಲೋರಿನ್ ವಾಸನೆ, ಸ್ವಲ್ಪ ಕಮ್ಮಿ ಮಾಡಮ್ಮ" ಎಂದು ಸಂಘದ ಕಾರ್ಯದರ್ಶಿ ಗದರಿದರೆ, "ವಾಂತಿಭೇದಿ ಹತ್ಕೊಂಡ್ರೆ ಕಾಫಿ ಕುಡಿಯೋಕೆ ನೀವಿರ್ತೀರಾ? ಒಂದು ಚೂರೂ ಕಮ್ಮಿ ಮಾಡಲ್ಲ, ಬೇಕಾದ್ರೆ ನನ್ನೇ ತೆಗೆದುಹಾಕಿ" ಎಂದು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ. ಹೀಗೆ ಯಾರಿಗೂ ಸೊಪ್ಪು ಹಾಕದವಳು ಮೇಲ್ಮಹಡಿಯ ಅಜ್ಜಿಯೊಬ್ಬರ ಬೈಗುಳಕ್ಕೆ ಮಾತ್ರ ದಿನಾ ಬೆಳಗ್ಗೆ ಕಾದು ಕೂರುತ್ತಾಳೆ. "ಥೂ, ಇದೇನು ನೀರೋ ಔಷಧಿನೋ!" ಎಂದು ಅಜ್ಜಿ ಕಿಟಕಿಯಿಂದ ಕೂಗಿದ ಮೇಲೆಯೇ ಅವಳ ಗಂಟಲಲ್ಲಿ ತಿಂಡಿ ಇಳಿಯುವುದು. ಅಜ್ಜಿ ಸುಮ್ಮನಿದ್ದ ದಿನ, ಪರೀಕ್ಷೆಯ ಸೀಸೆಯಲ್ಲಿ ನೀರು ಎಷ್ಟೇ ಹಳದಿಯಾಗಿ ಕ್ಲೋರಿನ್ ಇದೆಯೆಂದು ತೋರಿಸಲಿ, ಲೋಟ ಹಿಡಿದು ಮೆಟ್ಟಿಲು ಹತ್ತುತ್ತಾಳೆ: "ಮೂಸಿ ನೋಡಿ ಒಂದ್ಸಲ ಬೈದ್ಬಿಡಿ ಅಜ್ಜಿ, ಆ ಕ್ಲೋರಿನ್ ಗಾಳಿ ಕುಡಿದೂ ಕುಡಿದೂ ನನ್ನ ಮೂಗು ಸತ್ತು ಎಷ್ಟೋ ವರ್ಷ ಆಯ್ತು. ಬೈದ್ರಿ ಅಂತ ಕಮ್ಮಿ ಮಾಡ್ತೀನಿ ಅಂತ ಮಾತ್ರ ಅಂದ್ಕೋಬೇಡಿ!"