ಪುಲ್ ಹತ್ತದ ಮಾವನವರು

ಧೋತರವನ್ನು ಮೊಳಕಾಲ ಮೇಲಕ್ಕೆ ಎತ್ತಿ ಕಟ್ಟಿ, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕೊಡೆ ಹಿಡಿದು ನನ್ನ ಮಾವನವರು ಹಳ್ಳಕ್ಕೆ ಇಳಿಯುತ್ತಿದ್ದರು. ಪಕ್ಕದಲ್ಲೇ ಹಳ್ಳದ ಮೇಲೆ ಕಟ್ಟಿದ ಹೊಸ ಪುಲ್. ಅದರ ಮೇಲೆ ಕಾಲೇಜಿನ ಹುಡುಗಿಯರು ಹೋಗುತ್ತಿದ್ದರು, ಹಾಲಿನ ಗಾಡಿ ಹೋಗುತ್ತಿತ್ತು, ಕುರಿಗಳೂ ಹೋಗುತ್ತಿದ್ದವು. ಇವರು ಮಾತ್ರ ಕೆಳಗೆ ಕೆಸರಿನಲ್ಲಿ. ಆ ಸಣಕಲು ಕಾಲುಗಳನ್ನು ನೆನೆದರೆ ಕನಿಕರ ಬರಬೇಕು. ನನಗೆ ಬರುವುದಿಲ್ಲ.

ದುಬಲಗುಂಡಿಯಿಂದ ಒಳಗೆ ಹೋದರೆ ಹಳ್ಳದಾಚೆ ನಮ್ಮೂರು. ವಿಧಾನಸಭೆ ಚುನಾವಣೆ ಬಂದರೆ ಎಲ್ಲ ಪಾರ್ಟಿಯ ಗಾಡಿಗಳೂ ಮೊದಲು ನಮ್ಮ ಮನೆಯ ಮುಂದೆಯೇ ನಿಲ್ಲುತ್ತಿದ್ದವು. ಮಾವನವರು ಹೇಳಿದ ಕಡೆಗೆ ಊರಿನ ಓಟು. ಚುನಾವಣೆ ಬರುವ ಬೇಸಿಗೆಯಲ್ಲಿ ಹಳ್ಳ ಒಣಗಿರುತ್ತಿದ್ದರಿಂದ ಶಾಸಕ ಸಾಹೇಬರ ಗಾಡಿಯ ಟೈರಿಗೆ ಹನಿ ನೀರೂ ತಾಗುತ್ತಿರಲಿಲ್ಲ. "ಊರ ಇಜ್ಜತ್ ನನ್ನ ಕೈಯಾಗ ಅದ" ಎಂದು ಮಾವನವರು ಮೀಸೆ ತೀಡುತ್ತಿದ್ದರು.

ನನ್ನ ಮೊದಲ ಹೆರಿಗೆಯ ಬ್ಯಾನಿ ಎದ್ದದ್ದು ಮಳೆಗಾಲದಲ್ಲಿ. ಹುಮನಾಬಾದಿನ ದವಾಖಾನೆಗೆ ಒಯ್ಯಲು ಬಂದ ಆಟೋ ಆ ದಂಡೆಯಲ್ಲಿ ನಿಂತಿತ್ತು, ನಾನು ಈ ದಂಡೆಯಲ್ಲಿ. ನಡುವೆ ತುಂಬಿದ ಹಳ್ಳ. ನೀರು ಇಳಿಯುವುದನ್ನು ಕಾಯುತ್ತಾ ಅಲ್ಲೇ ಹೆತ್ತೆ. ಕೂಸು ಅಳಲಿಲ್ಲ. ಶಾಸಕರ ಹತ್ತಿರ ಪುಲ್ ಕೇಳಿ ಕೇಳಿ ಮಾವನವರಿಗೂ ಸಾಕಾಗಿದೆ ಎಂದು ಹೆಂಗಸರು ನನ್ನನ್ನು ಸಮಾಧಾನ ಮಾಡಿದರು. ನಾನೂ ನಂಬಿದೆ.

ಮುಂದಿನ ಬೇಸಿಗೆಯಲ್ಲಿ ಶಾಸಕರು ಮತ್ತೆ ಓಟು ಕೇಳಲು ಬಂದರು. ಪಡಸಾಲೆಯಲ್ಲಿ ಕುಳಿತು ಶಿರಾ ತಿಂದು, ಊರಿಗೆ ಏನು ಬೇಕೆಂದು ತಾವಾಗಿಯೇ ಕೇಳಿದರು. ನಾನು ಚಹಾದ ತಾಟು ಹಿಡಿದು ಬಾಗಿಲ ಮರೆಯಲ್ಲಿದ್ದೆ.

"ನಮಗೇನೂ ಕಮ್ಮಿ ಇಲ್ರಿ ಸಾಹೇಬ್ರ," ಎಂದರು ಮಾವನವರು. "ನೀವು ಬಂದ್ರಲ್ಲ, ಅಷ್ಟ ಸಾಕು."

ಪ್ರತಿ ಸಲವೂ ಇದೇ ಉತ್ತರ ಕೊಟ್ಟಿದ್ದರೆಂದು ಅವರು ಅದನ್ನು ಹೇಳಿದ ಸಲೀಸಿನಲ್ಲೇ ಆಗ ತಿಳಿಯಿತು. ಮನೆಗೆ ಉಣ್ಣಲು ಬಂದವರ ಮುಂದೆ ಕೈಚಾಚುವುದು ಅವರ ಪಾಲಿಗೆ ಭಿಕ್ಷೆ. ಇಡೀ ಊರಿನ ಪರವಾಗಿ ಮಾತಾಡುವ ಹಕ್ಕನ್ನು ಇಟ್ಟುಕೊಂಡು, ಊರಿಗಾಗಿ ಒಂದು ಮಾತೂ ಆಡಿರಲಿಲ್ಲ ಈ ದೊಡ್ಡ ಮನುಷ್ಯ. ಚಹಾದ ತಾಟು ಕೆಳಗಿಟ್ಟೆ. ಸೆರಗು ಹೊದ್ದು ಹೊರಗೆ ಬಂದೆ.

"ಪುಲ್ ಬೇಕ್ರಿ ಸಾಹೇಬ್ರ. ನನ್ನ ಕೂಸು ಹಳ್ಳದ ದಂಡಿ ಮ್ಯಾಲ ಹೋತು."

ಶಾಸಕರು ಬಟ್ಟಲು ಕೆಳಗಿಟ್ಟರು. "ಕಾಕಾ, ನನಗ ಒಮ್ಮೆರ ಹೇಳಬಾರ್ದೇನ್ರಿ?" ಎಂದರು. ಅವರೇನೂ ಸಾಚಾ ಅಲ್ಲ. ಇಷ್ಟು ವರ್ಷ ಊರಲ್ಲಿ ಇನ್ನೊಬ್ಬರನ್ನು ಕೇಳಬೇಕೆಂದು ಅವರಿಗೂ ಅನಿಸಿರಲಿಲ್ಲವಲ್ಲ.

ಗೆದ್ದ ಮೇಲೆ ಪುಲ್ ಕಟ್ಟಿಸಿದರು. ಸೊಸೆ ಮನೆಯ ಮಾನ ಕಳೆದಳು ಎಂದು ಮಾವನವರು ಊರೆಲ್ಲ ಹೇಳಿಕೊಂಡು ತಿರುಗಿದರು. ನನ್ನ ಕೈಯ ಚಹಾ ಬಿಟ್ಟರು. ಕೂಸಿನ ಬಗ್ಗೆ ಮಾತ್ರ ಸಾಯುವ ತನಕ ಒಂದು ಮಾತೂ ಆಡಲಿಲ್ಲ. ಪುಲ್ ಮೇಲೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದವರು ಹಾಗೆಯೇ ನಡೆದುಕೊಂಡರು. ಹಟದಲ್ಲಿ ಅವರನ್ನು ಮೀರಿಸುವವರು ಊರಲ್ಲಿರಲಿಲ್ಲ.

ಹೋದ ಶ್ರಾವಣದಲ್ಲಿ ತೀರಿಕೊಂಡರು. ಮಣ್ಣು ಮಾಡುವ ಹೊಲ ಊರಿನಿಂದ ಹಳ್ಳ ದಾಟಿದ ಮೇಲೆ. ನೀರು ಮೊಳಕಾಲುದ್ದ ಇತ್ತು, ಇಳಿದು ದಾಟಬಹುದಿತ್ತು. ದಂಡೆಗೆ ಬಂದಾಗ ಹೆಗಲು ಕೊಟ್ಟವರು ನಿಂತರು. ಹಿರಿಯರ ಆಣೆ ಮುರಿಯಬಾರದು, ನೀರಿಗೇ ಇಳಿಯೋಣ ಎಂದು ಒಬ್ಬರು ಅಂದರು. ನನ್ನ ಗಂಡ ಹಿಂದೆ ತಿರುಗಿ ಹೆಂಗಸರ ನಡುವೆ ಇದ್ದ ನನ್ನನ್ನು ನೋಡಿದರು.

"ಪುಲ್ ಮ್ಯಾಲಿಂದ ಒಯ್ರಿ," ಎಂದೆ.

ಹೆಗಲು ಕೊಟ್ಟವರು ಪುಲ್ ಹತ್ತಿದರು. ನಾನೂ ಹಿಂದೆ ನಡೆದೆ, ಪುಲ್ ನಡುವೆ ಬಂದಾಗ ಕೆಳಗೆ ನಾನು ಕೂಸು ಹೆತ್ತ ದಂಡೆಯನ್ನು ನೋಡಿದೆ. ಮಾವನವರ ಕಾಲಿಗೆ ಅಂದು ಹನಿ ನೀರೂ ತಾಗಲಿಲ್ಲ.