ಅಪ್ಪ ಹೊಡೆದ ಹಾರ್ನ್

ಬೆಟಗೇರಿಯ ನಮ್ಮ ಮನೆ ಮುಂದೆ ಕಾರು ನಿಲ್ಲಿಸಿ ಅಪ್ಪ ಹಾರ್ನ್ ಹೊಡೆಯುತ್ತಲೇ ಇದ್ದ. ಎಂದೋ ಮಾರಿದ್ದ ಅವನ ಅಂಬಾಸಿಡರ್ ಅನ್ನು ನಾನು ಮಲ್ಲಸಮುದ್ರದಲ್ಲಿ ಹುಡುಕಿ, ಹಾರ್ನಿನ ಹಳೆಯ ದನಿ ಸಹಿತ ರಿಪೇರಿ ಮಾಡಿಸಿ, ಅಪ್ಪ-ಅವ್ವನಿಗೆ ಉಡುಗೊರೆಯಾಗಿ ತಂದಿದ್ದೆ.

"ತಡಿಯೋ, ಸಪ್ಪಳ ಕೇಳಿದ್ರ ನಿಮ್ಮವ್ವ ಹಿಟ್ಟಿನ ಕೈಲೇ ಓಡಿ ಬರತಾಳ," ಎಂದು ನಕ್ಕ.

ಓಣಿಯವರೆಲ್ಲ ಹೊರಬಂದರು. ಬಾಗಿಲಲ್ಲೇ ಬೆನ್ನು ಮಾಡಿ ಕುಳಿತು ಮೆಂತೆಪಲ್ಯದ ಎಲೆ ಬಿಡಿಸಿ ಸೋಸುತ್ತಿದ್ದ ಅವ್ವ ಮಾತ್ರ ತಿರುಗಲಿಲ್ಲ. ಅವಳ ಕಿವಿ ಮಂದ ಎಂದಷ್ಟೇ ತಿಳಿದಿದ್ದೆವು. ಇಷ್ಟು ಪೂರ್ತಿ ಹೋಗಿದೆ ಎಂದು ಗೊತ್ತಾದದ್ದು ಆಗಲೇ. ನಾನು ಹೆಗಲು ಮುಟ್ಟಿದಾಗ ತಿರುಗಿದಳು. ಕಾರು ಕಂಡು ಹಿಗ್ಗಿ, ಅಪ್ಪನನ್ನು ಗದರಿಸಿದಳು: "ಬಂದಕೂಡ್ಲೆ ಒಂದ್ ಹಾರ್ನ್ ಹೊಡಿಬಾರದೇನ್ರಿ?"

ಆ ಸಂಜೆ ಡಂಬಳಕ್ಕೆ ಹೋಗಿಬಂದೆವು. ದಾರಿಯುದ್ದಕ್ಕೂ ಅವ್ವ ಮಾತಾಡಿದಳು. ದನ ಅಡ್ಡ ಬಂದರೂ ಅಪ್ಪ ಹಾರ್ನ್ ಮುಟ್ಟಲಿಲ್ಲ. ಅಂದಿನಿಂದ ಅವನು ಕಾರಿನ ಕೀಲಿ ಕೇಳಿಲ್ಲ.