ಕುಟ್ಟಿ ನೋಡಿದ ಬಣ್ಣ

ನಿನ್ನೆ ಕಲಬುರಗಿಯ ಹೊಸ ಕಾಫಿ ಅಂಗಡಿಯಲ್ಲಿ, ಹುರಿದ ಬೀಜದ ಬಣ್ಣ ಅಳೆಯುವ ಪುಟ್ಟ ಯಂತ್ರ ನೋಡಿದೆ. ಬೆಳಕು ಬಿಡುತ್ತದೆ, ಎಷ್ಟು ಹಿಂದಿರುಗಿತೆಂದು ನೋಡಿ ಅಂಕಿ ಕೊಡುತ್ತದೆ. ಅಂಕಿ ದೊಡ್ಡದಾದಷ್ಟು ಬಣ್ಣ ತಿಳಿ. ಅಂಗಡಿಯ ಹುಡುಗಿ ವಿವರಿಸುತ್ತಿದ್ದರೆ ನಾನು ಇಲ್ಲದ ಮೀಸೆ ತಿರುವುತ್ತಿದ್ದೆ.

ಕಾರಣ ನಮ್ಮ ದೊಡ್ಡವ್ವ. ಎಂಬತ್ತರ ದಶಕದಲ್ಲಿ, ಚಹಾ ಬಿಟ್ಟು ಬೇರೇನೂ ಕುಡಿಯದ ಆಳಂದದಲ್ಲಿ ಆಕೆ ಕಾಫಿಬೀಜ ಹುರಿದು ಮಾರುತ್ತಿದ್ದಳು. ದಕ್ಷಿಣದಿಂದ ವರ್ಗವಾಗಿ ಬಂದ ಮಾಸ್ತರರು, ಬ್ಯಾಂಕಿನವರು ಗಿರಾಕಿಗಳು. ಬಣ್ಣಕ್ಕೆ ಆಕೆಯದೇ ದರ್ಜೆಗಳು: ಬೆಲ್ಲ, ಹುಣಸೆಬೀಜ, ಮಳೆ ಬಿದ್ದ ಎರೆಮಣ್ಣು. ಮೂರನೆಯದು ಆಕೆ ಅಂದದ್ದೋ ನಾನು ಆಮೇಲೆ ಸೇರಿಸಿದ್ದೋ, ಆಣೆ ಮಾಡಲಾರೆ.

ಜೇವರ್ಗಿಯ ಹೊಟೇಲಿನ ಶರಣಪ್ಪ ಹುಣಸೆಬೀಜದ ಬಣ್ಣ ಒಪ್ಪಿ, ವಾರವಾರ ಒಯ್ಯುತ್ತೇನೆ ಎಂದಿದ್ದ. ದೊಡ್ಡವ್ವನಿಗೆ ಅಂಥ ಕಾಯಂ ಗಿರಾಕಿ ಅವನೇ ಮೊದಲು. ಒಯ್ಯಲು ಬಂದ ದಿನ ಆಕೆ ಅವನು ಒಪ್ಪಿದ್ದ, ಮಾದರಿಗೆಂದು ತೆಗೆದಿಟ್ಟ ಹಿಡಿಬೀಜವನ್ನೂ ಹೊಸದಾಗಿ ಹುರಿದದ್ದನ್ನೂ ಬಾಗಿಲ ಬೆಳಕಿನಲ್ಲಿ ಬಿಳಿ ಅರಿವೆಯ ಮೇಲೆ ಹರವಿದಳು.

“ಅವಳಿ ಜವಳಿ ಅದಾವಲ್ರಿ ಅಕ್ಕಾರ, ಕಟ್ರಿ ಇನ್ನ,” ಎಂದ ಶರಣಪ್ಪ.

ಆಕೆ ಎರಡನ್ನೂ ಬೇರೆ ಬೇರೆ ಕುಟ್ಟಿ, ಪುಡಿ ಒತ್ತಿ ಸಪಾಟು ಮಾಡಿದಳು. ಹೊಸದು ತುಸು ತಿಳಿ. ಅವಸರಕ್ಕೆ ಬೆಂಕಿ ಜೋರು ಮಾಡಿದ್ದಳು. ಹೊರಗೆ ಬಣ್ಣ ಬಂದಿದ್ದರೂ ಒಳಗೆ ಹಸಿ ಉಳಿದಿತ್ತು.

“ಇದು ಕೊಡಂಗಿಲ್ರಿ.”

“ಯವ್ವಾ! ಹಾಲು ಸಕ್ರಿ ಬಿದ್ದ ಮ್ಯಾಲ ಯಾರಿಗಿ ಕಾಣಸ್ತದ್ರಿ? ನಮ್ಮ ಮಂದಿಗಿ ಬಿಸಿ ಇದ್ರ ಸಾಕು.”

“ನನಗ ಕಂಡದಲ್ಲ.”

“ಹೊಟೇಲ್ ನಂದೋ ನಿಮ್ದೋ?”

“ಹೊಟೇಲ್ ನಿಮ್ದು. ಬಣ್ಣ ನಂದು.”

ಅವನು ಬರಿಗೈಯಲ್ಲಿ ಬಸ್ಸು ಹತ್ತಿದ. ಮುಂದಿನ ವಾರ ತಾನಾಗಿ ಬಂದನೆಂದು ನಮ್ಮ ಮನೆಯವರು ಹೇಳುತ್ತಾರೆ. ನಾನೂ ಮದುವೆಮನೆಗಳಲ್ಲಿ ಹಾಗೇ ಹೇಳಿದ್ದೇನೆ. ನಿಜವಾಗಿ ನನಗೆ ನೆನಪಿರುವುದು, ಆ ಸಂಜೆ ಆಕೆ ಅದೇ ಪುಡಿ ಕುದಿಸಿ ನಮ್ಮ ಕೈಗಿಟ್ಟದ್ದು. “ಕುಡೀರಿ, ನನ್ನ ಅವಸರದ ರುಚಿ ನೋಡ್ರಿ.” ಹಸಿಹುಲ್ಲಿನ ವಾಸನೆ, ಹುಳಿ. ತಾನೂ ಒಂದು ಗುಟುಕು ಕುಡಿದು ಮುಖ ಕಿವುಚಿ, ಮತ್ತೆ ಒಲೆ ಹಚ್ಚಿದಳು, ಸಣ್ಣ ಉರಿಯಲ್ಲಿ.

ನಿನ್ನೆ ಅಂಗಡಿಯ ಹುಡುಗಿ ಇಡೀ ಬೀಜವನ್ನು ಯಂತ್ರದಲ್ಲಿಟ್ಟು ಅಂಕಿ ಓದಿದಳು. “ಪುಡಿ ಮಾಡಿ ಇಡವ್ವ ಒಮ್ಮಿ,” ಎಂದೆ. ಬೇರೆಯೇ ಅಂಕಿ ಬಂತು.

“ನಿಮಗ ಹ್ಯಾಂಗ ಗೊತ್ರಿ ಅಂಕಲ್?”

ದೊಡ್ಡವ್ವನ ಕತೆ ಹೇಳಿದೆ. ಶರಣಪ್ಪ ಬಸ್ಸು ಹತ್ತಿದಲ್ಲಿಗೆ ನಿಲ್ಲಿಸಿದೆ.

“ಆಮ್ಯಾಲ ಬಂದ್ನೇನ್ರಿ?”

“ಗೊತ್ತಿಲ್ಲವ್ವ,” ಎಂದೆ, ಮೊದಲ ಸಲ. “ಆಕಿ ಮಾತ್ರ ಅದು ಕೊಡ್ಲಿಲ್ಲ.”